ಬಾಯಿ ಬಿಡಿಸುವುದರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಯಾಕೆ ಇಷ್ಟು ವ್ಯತ್ಯಾಸ?

ಓದುಗರ ಪ್ರಶ್ನೆ: ಅಮೆರಿಕದ ಕ್ರೈಂ ಸೀರಿಯಲ್‌ಗಳಲ್ಲಿ ಪೊಲೀಸರು ಆರೋಪಿಯನ್ನು ಗದರಿಸುತ್ತಾರೆ, ರೀಲು ಬಿಡುತ್ತಾರೆ, ಕೊನೆಗೆ ಅವನು ಅತ್ತು ಒಪ್ಪಿಕೊಳ್ಳುತ್ತಾನೆ. ಬ್ರಿಟಿಷ್ ಸೀರಿಯಲ್‌ಗಳಲ್ಲಿ ಪಕ್ಕದಲ್ಲಿ ವಕೀಲ, ಮುಂದೆ ರೆಕಾರ್ಡರ್. ಆರೋಪಿ ಸುಮ್ನೆ 'ನೋ ಕಾಮೆಂಟ್' ಅಂತ ಕೂತಿರುತ್ತಾನೆ. ನಿಜವಾಗಿಯೂ ಹೀಗೇನಾ, ಅಥವಾ ಎಲ್ಲಾ ಬರೆಯುವವರ ಕಲ್ಪನೆನಾ? ಅಂದಹಾಗೆ, ಬ್ರಿಟಿಷ್ ಪೊಲೀಸರ ಸೊಂಟದಲ್ಲಿ ಗನ್ ಯಾಕೆ ಇರಲ್ಲ?

ಮೊದಲು ಒಂದು ಸೀನ್ ಹೇಳುತ್ತೇನೆ. 'ದಿ ವೈರ್' ಸೀರಿಯಲ್‌ನ ಐದನೇ ಸೀಸನ್ ಶುರುವಾಗುವುದೇ ಇದರಿಂದ. ಬಾಲ್ಟಿಮೋರ್ ಪೊಲೀಸರು ಕೊಲೆ ಕೇಸಿನಲ್ಲಿ ಒಬ್ಬ ಹುಡುಗನನ್ನು ಕರೆತಂದಿದ್ದಾರೆ. ಅವನ ಕೈಯನ್ನು ಒಂದು ಮೆಷಿನ್ ಮೇಲೆ ಇಡಿಸುತ್ತಾರೆ. ಇದು ಸುಳ್ಳು ಹಿಡಿಯುವ ಮೆಷಿನ್ ಅನ್ನುತ್ತಾರೆ. ಮೊದಲು ಸುಲಭದ ಪ್ರಶ್ನೆಗಳು. ಗುಂಡಿ ಒತ್ತಿದರೆ 'ನಿಜ' ಅಂತ ಬರೆದ ಹಾಳೆ ಹೊರಗೆ ಬರುತ್ತದೆ. ಆಮೇಲೆ ಕೊಲೆಯ ಪ್ರಶ್ನೆ. ಈ ಸಲದ ಹಾಳೆಯಲ್ಲಿ 'ಸುಳ್ಳು'. ಹುಡುಗ ಕಂಗಾಲು. ಅದು ಆಫೀಸಿನ ಜೆರಾಕ್ಸ್ ಮೆಷಿನ್! ಹಾಳೆಗಳನ್ನು ಮೊದಲೇ ಜೋಡಿಸಿಟ್ಟಿದ್ದರು, ಅಷ್ಟೇ.

ನಗು ಬರುತ್ತದೆ ಅಲ್ವಾ? ಇದೇ ಆಟವನ್ನು ಇಂಗ್ಲೆಂಡಿನ ಠಾಣೆಯಲ್ಲಿ ಆಡಿದರೆ ಕೇಸೇ ಬಿದ್ದುಹೋಗಬಹುದು.

ಅಮೆರಿಕದಲ್ಲಿ ಪೊಲೀಸರು ಆರೋಪಿಗೆ ಸುಳ್ಳು ಹೇಳಬಹುದು. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಕೇಸ್ ಬಂತು. ಆರೋಪಿಯ ಹತ್ತಿರ ಪೊಲೀಸರು 'ನಿನ್ನ ಕಸಿನ್ ಎಲ್ಲಾ ಒಪ್ಪಿಕೊಂಡಿದ್ದಾನೆ' ಅಂದಿದ್ದರು. ಅವನು ಒಪ್ಪಿಕೊಂಡೇ ಇರಲಿಲ್ಲ. ಇದೊಂದೇ ಕಾರಣಕ್ಕೆ ಆರೋಪಿಯ ಹೇಳಿಕೆಯನ್ನು ತಳ್ಳಿಹಾಕಲು ಆಗುವುದಿಲ್ಲ ಎಂದಿತು ಕೋರ್ಟ್. 'ಪಕ್ಕದ ರೂಮಲ್ಲಿ ನಿನ್ನ ಗೆಳೆಯ ಬಾಯಿ ಬಿಟ್ಟಾಯ್ತು' ಅನ್ನುವ ಡೈಲಾಗ್ ನೂರಾರು ಎಪಿಸೋಡುಗಳಲ್ಲಿ ಕೇಳಿದ್ದೀರಿ. ಅದರ ಬೆನ್ನಿಗೆ ಕೋರ್ಟಿನ ತೀರ್ಪೇ ಇದೆ. ಈಚೆಗೆ, 2021ರಲ್ಲಿ, ಇಲಿನಾಯ್ ಮತ್ತು ಆರೆಗಾನ್ ರಾಜ್ಯಗಳು ಹದಿನೆಂಟು ತುಂಬದವರ ಮೇಲೆ ಈ ತಂತ್ರ ಬಳಸದಂತೆ ಕಾನೂನು ತಂದವು.

ಈಗ ಇಂಗ್ಲೆಂಡಿಗೆ ಬನ್ನಿ. ಕಾರಿಗೆ ಬೆಂಕಿ ಹಚ್ಚಿದ ಅನುಮಾನದ ಮೇಲೆ ಒಬ್ಬನನ್ನು ಹಿಡಿದರು. ಸಾಕ್ಷಿ ಏನೂ ಇರಲಿಲ್ಲ. ಒಡೆದ ಬಾಟಲಿಯ ಚೂರಿನಲ್ಲಿ ನಿನ್ನ ಬೆರಳಚ್ಚು ಸಿಕ್ಕಿದೆ ಎಂದು ಪೊಲೀಸರು ಸುಳ್ಳು ಹೇಳಿದರು. ಅವನ ವಕೀಲರಿಗೂ ಅದೇ ಸುಳ್ಳು ಹೇಳಿದರು. ವಕೀಲರು ನಂಬಿ, ಇದ್ದದ್ದು ಹೇಳಿಬಿಡು ಅಂದರು. ಅವನು ಒಪ್ಪಿಕೊಂಡ, ಶಿಕ್ಷೆಯೂ ಆಯಿತು. 1987ರಲ್ಲಿ ಅಪೀಲ್ ಕೋರ್ಟ್ ಆ ಶಿಕ್ಷೆಯನ್ನೇ ರದ್ದು ಮಾಡಿತು. ಅವನು ಮಾಡಿದ್ದನೋ ಇಲ್ಲವೋ ಎಂಬ ಮಾತಿಗೇ ಹೋಗಲಿಲ್ಲ. ಹೀಗೆ ಮೋಸದಿಂದ ಪಡೆದ ಹೇಳಿಕೆ ಬೇಡ ಎಂದಿತು.

ಬ್ರಿಟಿಷ್ ಪೊಲೀಸರು ಹುಟ್ಟಿನಿಂದಲೇ ಇಷ್ಟು ಸಾಧು ಅಂತ ತಿಳಿಯಬೇಡಿ. 1972ರಲ್ಲಿ ಲಂಡನ್ನಿನಲ್ಲಿ ಒಂದು ಕೊಲೆಯಾಯಿತು. 14, 15 ಮತ್ತು 18 ವರ್ಷದ ಮೂವರು ಹುಡುಗರಿಗೆ ಠಾಣೆಯಲ್ಲಿ ಕೊಟ್ಟ ಹೇಳಿಕೆಗಳ ಮೇಲೆ ಶಿಕ್ಷೆಯಾಯಿತು. ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ವಕೀಲರಿರಲಿಲ್ಲ. ಅವರಲ್ಲಿ ದೊಡ್ಡವನಿಗೆ ಸಣ್ಣ ಮಗುವಿನಷ್ಟೇ ಬುದ್ಧಿ. 1975ರಲ್ಲಿ ಅಪೀಲ್ ಕೋರ್ಟ್ ಮೂವರನ್ನೂ ಬಿಟ್ಟಿತು. ಆಮೇಲೆ ವಿಚಾರಣೆ, ಆಯೋಗ ಎಲ್ಲಾ ಆಗಿ 1984ರಲ್ಲಿ 'ಪೊಲೀಸ್ ಆಂಡ್ ಕ್ರಿಮಿನಲ್ ಎವಿಡೆನ್ಸ್ ಆಕ್ಟ್' ಬಂತು. ಅಲ್ಲಿ ಎಲ್ಲರೂ ಅದನ್ನು 'ಪೇಸ್' ಅನ್ನುತ್ತಾರೆ. ಠಾಣೆಯಲ್ಲಿ ವಕೀಲರು ಪುಕ್ಕಟೆ, ವಿಚಾರಣೆಯ ರೆಕಾರ್ಡಿಂಗ್, ಬಂಧಿಸಿದವರ ಯೋಗಕ್ಷೇಮ ನೋಡಿಕೊಳ್ಳಲು ಬೇರೆಯೇ ಒಬ್ಬ ಸಾರ್ಜೆಂಟ್. ನೀವು ಸೀರಿಯಲ್‌ಗಳಲ್ಲಿ ನೋಡುವ ಶಿಸ್ತೆಲ್ಲಾ ಇಲ್ಲಿಂದ ಬಂದದ್ದು.

ಅನುಮಾನ ಇದ್ದರೆ 2006ರ 'ಲೈಫ್ ಆನ್ ಮಾರ್ಸ್' ನೋಡಿ. ಈ ಕಾಲದ ಪೊಲೀಸ್ ಅಧಿಕಾರಿಯೊಬ್ಬ ಆಕ್ಸಿಡೆಂಟ್ ಆಗಿ ಕಣ್ಣು ಬಿಟ್ಟರೆ 1973ರ ಮ್ಯಾಂಚೆಸ್ಟರ್‌ನಲ್ಲಿ ಇರುತ್ತಾನೆ. ಅವನು ರೂಲ್ಸ್ ಅನ್ನುತ್ತಾನೆ, ಮೇಲಧಿಕಾರಿ ಜೀನ್ ಹಂಟ್ ಮುಷ್ಟಿ ಎತ್ತುತ್ತಾನೆ. ಪೇಸ್ ಬರುವ ಮುಂಚಿನ ಠಾಣೆಗೂ ಬಂದ ಮೇಲಿನ ಠಾಣೆಗೂ ನಡುವಿನ ಜಗಳವೇ ಆ ಇಡೀ ಕತೆ.

'ಲೈನ್ ಆಫ್ ಡ್ಯೂಟಿ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಆರೋಪಿಗಳೂ ಪೊಲೀಸರೇ. ರೆಕಾರ್ಡರ್ ಉದ್ದಕ್ಕೆ 'ಬೀಪ್' ಅನ್ನುತ್ತದೆ. ಅದು ನಿಲ್ಲುವ ತನಕ ಯಾರೂ ಉಸಿರೆತ್ತುವುದಿಲ್ಲ. ಫೋಟೋ ತೋರಿಸಿದರೆ, ಇಂಥ ನಂಬರಿನ ದಾಖಲೆ ತೋರಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ತನಗಿಂತ ಒಂದು ರ‍್ಯಾಂಕ್ ಆದರೂ ಮೇಲಿನವರೇ ಪ್ರಶ್ನೆ ಕೇಳಬೇಕು ಎಂದು ಆರೋಪಿ ಪಟ್ಟು ಹಿಡಿಯುತ್ತಾನೆ. ಯಾರೂ ಯಾರ ಮೈ ಮುಟ್ಟುವುದಿಲ್ಲ. ಆದರೂ ನಮ್ಮ ಎದೆ ಡವಡವ ಅನ್ನುತ್ತದೆ. 2021ರಲ್ಲಿ ಬಂದ ಆರನೇ ಸೀಸನ್ನಿನ ಕೊನೆಯ ಎಪಿಸೋಡನ್ನು ಬ್ರಿಟನ್ನಿನಲ್ಲಿ 1.2 ಕೋಟಿಗೂ ಜಾಸ್ತಿ ಜನ ನೋಡಿದರು. ಕಾನೂನಿನ ಕಟ್ಟುಪಾಡನ್ನೇ ಥ್ರಿಲ್ಲರ್ ಮಾಡಿದ್ದು ಅವರ ಜಾಣತನ.

'ನೋ ಕಾಮೆಂಟ್' ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 1966ರ ಮಿರಾಂಡಾ ತೀರ್ಪಿನ ನಂತರ, ಕಸ್ಟಡಿಯಲ್ಲಿ ಪ್ರಶ್ನೆ ಕೇಳುವ ಮುಂಚೆ 'ನೀನು ಸುಮ್ಮನಿರಬಹುದು, ವಕೀಲರನ್ನು ಕೇಳಬಹುದು' ಎಂದು ಹೇಳಲೇಬೇಕು. ಬೇಡಿ ಹಾಕುತ್ತಾ ಗಡಗಡ ಒಪ್ಪಿಸುವುದು ಟಿವಿಯವರ ಅಭ್ಯಾಸ. ಪ್ರಶ್ನೆ ಕೇಳುವುದಿಲ್ಲ ಅಂದರೆ ಕಾನೂನಿನ ಪ್ರಕಾರ ಅದನ್ನು ಹೇಳಬೇಕಾಗಿಯೇ ಇಲ್ಲ. ಅದನ್ನು ಕೇಳಿ ಸುಮ್ಮನಿದ್ದವನ ಮೌನವನ್ನು ಕೋರ್ಟಿನಲ್ಲಿ ಅವನ ವಿರುದ್ಧ ತಿರುಗಿಸುವಂತಿಲ್ಲ. ಇಂಗ್ಲೆಂಡಿನಲ್ಲಿ 1995ರಿಂದ ಓದುವ ಎಚ್ಚರಿಕೆಯಲ್ಲಿ ಒಂದು ಮುಳ್ಳಿದೆ. ಈಗ ಹೇಳದ್ದನ್ನು ಮುಂದೆ ಕೋರ್ಟಿನಲ್ಲಿ ಹೇಳಿದರೆ ನಿನಗೇ ತೊಂದರೆಯಾಗಬಹುದು ಅನ್ನುತ್ತದೆ ಅದು. ಹಾಗಾಗಿ ಅಲ್ಲಿ 'ನೋ ಕಾಮೆಂಟ್' ಅನ್ನುವುದು ಒಂದು ಥರ ಜೂಜು. ವಕೀಲರು ಪಕ್ಕದಲ್ಲಿ ಕೂತು ಪಿಸುಗುಡುವುದು ಅದಕ್ಕೇ.

ಕಾನೂನಿನ ಜೊತೆ ಇನ್ನೊಂದು ಕಾರಣವೂ ಇದೆ: ಕ್ಯಾಮರಾ ಯಾರ ಭುಜದ ಮೇಲಿತ್ತು ಎಂಬುದು. ಅಮೆರಿಕದ ಪೊಲೀಸ್ ಸೀರಿಯಲ್‌ಗಳ ಅಚ್ಚು ಹಾಕಿಕೊಟ್ಟದ್ದು 1951ರಲ್ಲಿ ಟಿವಿಗೆ ಬಂದ 'ಡ್ರಾಗ್ನೆಟ್'. ಅದಕ್ಕೆ ಲಾಸ್ ಏಂಜಲಿಸ್ ಪೊಲೀಸ್ ಇಲಾಖೆಯದೇ ಬೆಂಬಲ. ಸ್ಕ್ರಿಪ್ಟುಗಳನ್ನು ಇಲಾಖೆಗೆ ತೋರಿಸುತ್ತಿದ್ದರು. ಆ ಅಚ್ಚು ಇವತ್ತಿಗೂ ಪೂರ್ತಿ ಒಡೆದಿಲ್ಲ. ಆರೋಪಿ 'ನನಗೆ ವಕೀಲ ಬೇಕು' ಅಂದ ಕೂಡಲೇ ಸೋಫಾದಲ್ಲಿ ಕೂತ ನಮಗೂ 'ಛೇ, ಇನ್ನೇನು ಒಪ್ಪಿಕೊಳ್ತಿದ್ದ' ಅನ್ನಿಸುತ್ತದೆ. ಅವನು ಕೇಳಿದ್ದು ಅವನ ಹಕ್ಕು. ಬೇಜಾರು ನಮಗೆ! ಬ್ರಿಟನ್ನಿನಲ್ಲಿ 1955ರ 'ಡಿಕ್ಸನ್ ಆಫ್ ಡಾಕ್ ಗ್ರೀನ್' ಕೂಡ ಒಳ್ಳೆಯ ಪೇದೆಯ ಕತೆಯೇ. ಆದರೆ 1962ರಲ್ಲೇ 'ಝಡ್ ಕಾರ್ಸ್' ಮೊದಲ ಎಪಿಸೋಡಿನಲ್ಲಿ ಪೊಲೀಸನ ಹೆಂಡತಿಯ ಕಪ್ಪುಗಟ್ಟಿದ ಕಣ್ಣು ತೋರಿಸಿತು. ಹೊಡೆದವನು ಆ ಪೊಲೀಸನೇ.

ಹಾಗಂತ ಬ್ರಿಟಿಷ್ ಸೀರಿಯಲ್ ನೋಡಿ ಅಲ್ಲಿ ಎಲ್ಲಾ ಸರಿಯಿದೆ ಎಂದುಕೊಂಡರೆ ಮೋಸ ಹೋಗುತ್ತೀರಿ. 2023ರಲ್ಲಿ, ಲಂಡನ್ ಪೊಲೀಸರ ನಡತೆಯನ್ನು ಪರಿಶೀಲಿಸಿದ ಲೂಯಿಸ್ ಕೇಸಿ ಎಂಬವರ ವರದಿ ಬಂತು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆಯಲ್ಲಿ ಜನಾಂಗದ್ವೇಷ, ಹೆಣ್ಣುದ್ವೇಷ ಬೇರೂರಿವೆ ಎಂದು ನೇರವಾಗಿ ಬರೆಯಿತು. ರೆಕಾರ್ಡರ್ ಇರುವುದು ವಿಚಾರಣೆಯ ರೂಮಿನಲ್ಲಿ ಮಾತ್ರ. ಪೊಲೀಸರು ಬಟ್ಟೆ ಬದಲಿಸುವ ರೂಮಿನಲ್ಲಿ ಅಲ್ಲ.

ಇನ್ನು ಗನ್ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಗನ್ ಹಿಡಿಯಲು ಅನುಮತಿ ಇರುವುದು ನೂರರಲ್ಲಿ ಹೆಚ್ಚುಕಡಿಮೆ ನಾಲ್ಕು ಪೊಲೀಸರಿಗೆ. ಅದಕ್ಕೇ 'ಹ್ಯಾಪಿ ವ್ಯಾಲಿ'ಯ ಸಾರ್ಜೆಂಟ್ ಕ್ಯಾಥರಿನ್ ಕೊಲೆಗಡುಕನ ಮುಂದೆಯೂ ಗನ್ ಇಲ್ಲದೆ ನಿಲ್ಲುತ್ತಾಳೆ. ಉತ್ತರ ಐರ್ಲೆಂಡಿನ ಕತೆ ಬೇರೆ. ಬೆಲ್‌ಫಾಸ್ಟಿನಲ್ಲಿ ನಡೆಯುವ 'ಬ್ಲೂ ಲೈಟ್ಸ್' ನೋಡಿ. ಅಲ್ಲಿ ಕೆಲಸಕ್ಕೆ ಸೇರಿದ ಹೊಸ ಪೊಲೀಸರ ಸೊಂಟದಲ್ಲೂ ಪಿಸ್ತೂಲು ಇರುತ್ತದೆ. ಕಾರು ಹತ್ತುವ ಮುಂಚೆ ಬಾಂಬ್ ಇದೆಯಾ ಅಂತ ಬಗ್ಗಿ ಕೆಳಗೆ ನೋಡುತ್ತಾರೆ.