ಅಜ್ಜಿ ಹೇಳುತ್ತಿದ್ದ ಐರಿಶ್ ಸಿಪಾಯಿಯನ್ನು ಬೆಂಗಳೂರು ದಂಡಿನಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮಜ್ಜಿಯ ತಾತ ಐರ್ಲೆಂಡಿನಿಂದ ಬಂದ ಸಿಪಾಯಿಯಂತೆ. ಬೆಂಗಳೂರು ದಂಡಿನಲ್ಲೇ ಮದುವೆಯಾಗಿ ಇಲ್ಲೇ ತೀರಿಕೊಂಡರು ಎಂದು ಮನೆಯಲ್ಲಿ ಹೇಳುತ್ತಾರೆ. ನಮ್ಮ ಕೈಯಲ್ಲಿರುವುದು ಅವರ ಸರ್‌ನೇಮ್ ಒಂದೇ. ಐರ್ಲೆಂಡಿನಲ್ಲಿ ಅವರ ಊರು ಯಾವುದೆಂದು ಪತ್ತೆ ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಹುಡುಕಾಟ ಐರ್ಲೆಂಡಿನಿಂದ ಶುರುವಾಗಬಾರದು. ಹೆಚ್ಚಿನವರು ಎಡವುವುದೇ ಇಲ್ಲಿ. ಬರೀ ಮರ್ಫಿ, ಕೆಲ್ಲಿ ಎಂದು ಹಿಡಿದುಕೊಂಡು ಹೊರಟರೆ ಅಲ್ಲಿ ಊರೂರಿಗೂ ಮರ್ಫಿಗಳಿದ್ದಾರೆ. ಸಾಲದ್ದಕ್ಕೆ 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಗೊಂಡು ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು, ಉಯಿಲುಗಳು, ಪ್ರೊಟೆಸ್ಟೆಂಟ್ ಚರ್ಚುಗಳ ಅರ್ಧಕ್ಕೂ ಹೆಚ್ಚು ರಿಜಿಸ್ಟರುಗಳು ಅದರೊಂದಿಗೇ ಬೂದಿಯಾದವು. ಬೆಂಗಳೂರಿನ ಕಾಗದಗಳ ಗತಿ ಇದಕ್ಕಿಂತ ಮೇಲು: ದಂಡಿನ ಆಂಗ್ಲಿಕನ್ (ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಪಂಥದ) ಚರ್ಚುಗಳು ತಮ್ಮ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ, ಸಮಾಧಿ ರಿಜಿಸ್ಟರುಗಳ ನಕಲನ್ನು ಮದ್ರಾಸಿಗೆ ಕಳಿಸುತ್ತಿದ್ದವು, ಅಲ್ಲಿಂದ ಅದು ಲಂಡನ್ ಸೇರುತ್ತಿತ್ತು. ಆ ನಕಲುಗಳು ಈಗಲೂ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ (ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಲಾಖೆ) ದಾಖಲೆಗಳಲ್ಲಿವೆ.

ಅಲ್ಲಿ ‘ಮೈಸೂರು’ ಎಂದು ಹುಡುಕಬೇಡಿ. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡು ಮದ್ರಾಸ್ ಸೈನ್ಯದ್ದು, ಆದ್ದರಿಂದ ಅದರ ಚರ್ಚಿನ ದಾಖಲೆಗಳು ಮದ್ರಾಸ್ ಪ್ರಾಂತ್ಯದ ‘ಎನ್/2’ ಸರಣಿಯಲ್ಲಿವೆ. ಇವುಗಳ ಚಿತ್ರಗಳು ವಂಶಾವಳಿ ಹುಡುಕುವ ಫೈಂಡ್‌ಮೈಪಾಸ್ಟ್ ತಾಣದಲ್ಲಿ ಹಣಕ್ಕೆ ಸಿಗುತ್ತವೆ. ಫ್ಯಾಮಿಲಿಸರ್ಚ್ ತಾಣದ ಸೂಚಿ ಮತ್ತು ಬ್ರಿಟಿಷ್ ಇಂಡಿಯಾದ ಕುಟುಂಬಗಳ ಚರಿತ್ರೆ ಹುಡುಕುವ ‘ಫಿಬಿಸ್’ ಸಂಘದ ಹುಡುಕಾಟ ಉಚಿತ. ಮೊದಲು ಉಚಿತವಾದದ್ದನ್ನು ಮುಗಿಸಿ.

ಅದಕ್ಕೂ ಮುಂಚೆ ಮನೆಯಿಂದ ಹಿಂದಕ್ಕೆ ಒಂದೊಂದೇ ತಲೆಮಾರು ನಡೆಯಬೇಕು. ಅಜ್ಜಿಯ ಮದುವೆಯ ದಾಖಲೆಯಲ್ಲಿ ಅವರ ತಂದೆಯ ಹೆಸರಿರುತ್ತದೆ, ಆ ತಂದೆಯ ದೀಕ್ಷಾಸ್ನಾನದಲ್ಲಿ ಸಿಪಾಯಿಯ ಹೆಸರು, ದರ್ಜೆ, ರೆಜಿಮೆಂಟ್. (ಅಜ್ಜಿಯ ತಾಯಿಯ ಕಡೆಯ ತಾತನಾಗಿದ್ದರೆ ತಾಯಿಯ ದಾಖಲೆ ಹಿಡಿಯಿರಿ. ಆಗ ಸರ್‌ನೇಮ್ ಬದಲಾಗುತ್ತದೆ.) ಶಾಲೆಯ ಟಿಸಿ, ರೈಲ್ವೆಯ ಸರ್ವಿಸ್ ಪುಸ್ತಕ ಸಿಕ್ಕರೂ ಬಿಡಬೇಡಿ. ಮೆಟ್ಟಿಲು ಹಾರಿ ನೇರ ಸಿಪಾಯಿಯ ಹತ್ತಿರ ಹೋದವರು ಬೇರೆಯವರ ತಾತನನ್ನು ಮನೆಗೆ ಕರೆತಂದ ಉದಾಹರಣೆ ಬಹಳ. ಇಂಗ್ಲಿಷ್ ಸರ್‌ನೇಮ್ ಇದ್ದ ಮಾತ್ರಕ್ಕೆ ರಕ್ತಸಂಬಂಧ ಇತ್ತೆಂದೂ ಅಲ್ಲ: ಮತಾಂತರದ ವೇಳೆ ಪಾದ್ರಿಯ ಅಥವಾ ಯಜಮಾನನ ಹೆಸರು ಪಡೆದವರೂ ಇದ್ದರು.

ಯಾವ ಚರ್ಚು ಎಂಬುದು ಅವರ ಪಂಥದ ಮೇಲೆ ಹೋಗುತ್ತದೆ. ಐರಿಶ್ ಎಂದರೆ ಕ್ಯಾಥೊಲಿಕ್ ಎಂದೇ ತಿಳಿಯಬೇಡಿ. ಕ್ಯಾಥೊಲಿಕ್ ಸಿಪಾಯಿಗಳು 1840ರ ದಶಕದಲ್ಲಿ ಎದ್ದ ಸೇಂಟ್ ಪ್ಯಾಟ್ರಿಕ್ ಚರ್ಚಿಗೆ ಹೋಗುತ್ತಿದ್ದರು. ಆಂಗ್ಲಿಕನ್ ಪ್ರೊಟೆಸ್ಟೆಂಟರಾದರೆ 1812ರ ಸೇಂಟ್ ಮಾರ್ಕ್ಸ್ ಅಥವಾ 1850ರ ದಶಕದ ಹೋಲಿ ಟ್ರಿನಿಟಿ ನೋಡಿ. ಐರ್ಲೆಂಡಿನ ಉತ್ತರದ ಅಲ್ಸ್ಟರ್ ಕಡೆಯ ಪ್ರೆಸ್ಬಿಟೇರಿಯನ್ನರಾಗಿದ್ದರೆ (ಪ್ರೊಟೆಸ್ಟೆಂಟರದೇ ಇನ್ನೊಂದು ಪಂಥ) 1860ರ ದಶಕದ ಸೇಂಟ್ ಆಂಡ್ರೂಸ್ ಕರ್ಕ್.

ಲಂಡನ್ನಿಗೆ ಹೋದ ಕ್ಯಾಥೊಲಿಕ್ ನಕಲುಗಳು ಮಾತ್ರ ಅಪೂರ್ಣ. ಆ ವ್ಯವಸ್ಥೆ ಆಂಗ್ಲಿಕನ್ ಪಾದ್ರಿಗಳಾದ ಚಾಪ್ಲಿನ್‌ಗಳ ಸುತ್ತ ಕಟ್ಟಿದ್ದು. ಹೀಗಾಗಿ ಕ್ಯಾಥೊಲಿಕ್ ಕುಟುಂಬದವರು ಚರ್ಚಿನ ಮೂಲ ರಿಜಿಸ್ಟರನ್ನೇ ಕೇಳಬೇಕು. ಕಚೇರಿಗೆ ಕೊಡುವ ಪತ್ರದಲ್ಲಿ ಹೆಸರು, ಅಂದಾಜು ಇಸವಿಯ ಆಚೀಚೆ ಎರಡೆರಡು ವರ್ಷ, ಹೆಸರಿನ ಮೂರು ನಾಲ್ಕು ಕಾಗುಣಿತ ಬರೆಯಿರಿ. ದಾಖಲೆ ಲ್ಯಾಟಿನ್ನಿನಲ್ಲಿರಬಹುದು: ಜೇಮ್ಸ್ ‘ಯಾಕೊಬುಸ್’ ಆಗಿರುತ್ತಾನೆ, ವಿಲಿಯಂ ‘ಗುಲಿಯೆಲ್ಮುಸ್’. ಜೊತೆಗೆ ಇಲ್ಲಿನ ಕ್ಯಾಥೊಲಿಕ್ ಪಾದ್ರಿಗಳಲ್ಲಿ ಪ್ಯಾರಿಸ್ ಮಿಷನ್ನಿನ ಫ್ರೆಂಚರೇ ಬಹಳ. ಐರಿಶ್ ನಾಲಿಗೆ ಹೇಳಿದ್ದನ್ನು ಫ್ರೆಂಚ್ ಕಿವಿ ಕೇಳಿ ಬರೆದಾಗ ಸರ್‌ನೇಮಿನ ಮುಂದಿನ ‘ಓ’ ಅಥವಾ ‘ಮ್ಯಾಕ್’ ಬಿದ್ದುಹೋಗುವುದು ಸಹಜ. ಅಕ್ಷರ ನೋಡಿ ಹುಡುಕಬೇಡಿ, ಹೆಸರನ್ನು ಬಾಯಿಬಿಟ್ಟು ಓದಿ ಹುಡುಕಿ.

ರಿಜಿಸ್ಟರಿನಲ್ಲಿ ನಿಮಗೆ ಬೇಕಾದ ಚಿನ್ನದಂಥ ಮಾತು ರೆಜಿಮೆಂಟಿನ ಹೆಸರು. ಐರ್ಲೆಂಡಿನ ಊರು ಸಾಮಾನ್ಯವಾಗಿ ಚರ್ಚಿನ ದಾಖಲೆಯಲ್ಲಿ ಇರುವುದಿಲ್ಲ, ಸೈನ್ಯದ ದಾಖಲೆಯಲ್ಲಿರುತ್ತದೆ. ಅದಕ್ಕೆ ಮೊದಲು ತಿಳಿಯಬೇಕಾದದ್ದು ಅವರು ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಯೋ ಬ್ರಿಟನ್ ರಾಣಿಯ ಸಿಪಾಯಿಯೋ ಎಂದು. 1860ರ ದಶಕದ ಆರಂಭದವರೆಗೆ ಎರಡೂ ಬೇರೆಬೇರೆ ಸೈನ್ಯ, ದಾಖಲೆಗಳೂ ಬೇರೆ. ಕಂಪನಿಯ ಮದ್ರಾಸ್ ಸೈನ್ಯದವರಾದರೆ ಬ್ರಿಟಿಷ್ ಲೈಬ್ರರಿಯಲ್ಲೇ ‘ಎಲ್/ಮಿಲ್/9’ರಲ್ಲಿ ಹಡಗು ಹತ್ತಿದವರ ಪಟ್ಟಿ, ‘ಎಲ್/ಮಿಲ್/11’ರಲ್ಲಿ ಹಾಜರಿ ಪಟ್ಟಿಗಳಿವೆ. ರಾಣಿಯ ಸೈನ್ಯದವರಾದರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸಿನ ‘ಡಬ್ಲ್ಯೂಓ 97’ (ಯುದ್ಧ ಇಲಾಖೆಯ ದಾಖಲೆ ಸರಣಿ) ನೋಡಬೇಕು. ಸೇವೆಯಿಂದ ಬಿಡುಗಡೆಯಾದವರ ಈ ಕಾಗದಗಳಲ್ಲಿ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ), ಹತ್ತಿರದ ಪಟ್ಟಣ, ಕೌಂಟಿ (ಜಿಲ್ಲೆ) ಮೂರನ್ನೂ ಬರೆದಿರುತ್ತಾರೆ.

ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ. 1882ರವರೆಗಿನ ‘ಡಬ್ಲ್ಯೂಓ 97’ರಲ್ಲಿ ಪಿಂಚಣಿ ಪಡೆದು ಬಿಡುಗಡೆಯಾದವರಷ್ಟೇ ಇದ್ದಾರೆ. ನಿಮ್ಮ ಹಿರಿಯರು ಪಿಂಚಣಿ ಪಡೆದು ಇಲ್ಲೇ ನೆಲೆಸಿದ್ದರೆ ಸಿಗುತ್ತಾರೆ, ಕಾಲರಾ ಬಂದೋ ಜ್ವರ ಬಂದೋ ಸೇವೆಯಲ್ಲಿರುವಾಗಲೇ ಸತ್ತಿದ್ದರೆ ಸಿಗುವುದಿಲ್ಲ. ಆಗ ‘ಡಬ್ಲ್ಯೂಓ 12’ರ ಹಾಜರಿ ಮತ್ತು ಸಂಬಳದ ಪುಸ್ತಕಗಳನ್ನು ತೆಗೆದು, ಸಮಾಧಿ ದಾಖಲೆಯ ತಾರೀಕು ಬರುವ ತ್ರೈಮಾಸಿಕವನ್ನು ನೋಡಿ. ಸತ್ತವರ ಹೆಸರಿನ ಮುಂದೆ ಅನೇಕ ವೇಳೆ ಹುಟ್ಟಿದ ಊರು, ಹಿಂದಿನ ಕಸುಬು ಇರುತ್ತವೆ.

ರೆಜಿಮೆಂಟಿನ ಹೆಸರೂ ದಾರಿ ತಪ್ಪಿಸುತ್ತದೆ. ಕಂಪನಿಯ ಮದ್ರಾಸ್ ಫ್ಯುಸಿಲಿಯರ್ಸ್ 1862ರಲ್ಲಿ 102ನೇ ರೆಜಿಮೆಂಟ್ ಆಯಿತು, 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಮೊದಲ ಬೆಟಾಲಿಯನ್. ಹಾಗಾಗಿ ‘ತಾತ ಡಬ್ಲಿನ್ ಫ್ಯುಸಿಲಿಯರ್’ ಎಂದರೆ ತಾತ ಡಬ್ಲಿನ್ನಿನವರು ಎಂದಾಗಲಿಲ್ಲ.

ಪ್ಯಾರಿಷ್ ಸಿಕ್ಕ ಮೇಲೆ ಐರ್ಲೆಂಡಿಗೆ ಹೋಗಿ. ಕ್ಯಾಥೊಲಿಕ್ ರಿಜಿಸ್ಟರುಗಳು ಚರ್ಚುಗಳಲ್ಲೇ ಇದ್ದುದರಿಂದ 1922ರ ಬೆಂಕಿಗೆ ಸಿಗಲಿಲ್ಲ. ಸುಮಾರು 1880ರವರೆಗಿನವನ್ನು ಐರ್ಲೆಂಡಿನ ನ್ಯಾಷನಲ್ ಲೈಬ್ರರಿ ಆನ್‌ಲೈನಿನಲ್ಲಿ ಉಚಿತವಾಗಿ ತೋರಿಸುತ್ತದೆ. ಅಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ, ಅದಕ್ಕೆ ಮುಂಚೆ ಹುಟ್ಟಿದವರ ಜನನ ಪ್ರಮಾಣಪತ್ರ ಕೇಳಿ ಹಣ ಕಳೆಯಬೇಡಿ.

ಹೊಸೂರು ರಸ್ತೆ, ಕಲ್ಪಳ್ಳಿ ಸ್ಮಶಾನಗಳಲ್ಲಿ ಸಮಾಧಿಕಲ್ಲು ಕಾಣದಿದ್ದರೆ ನಿರಾಶರಾಗಬೇಡಿ. ಸಾಮಾನ್ಯ ಸಿಪಾಯಿಗೆ ಕಲ್ಲು ನಿಲ್ಲಿಸುವಷ್ಟು ದುಡ್ಡು ಅಪರೂಪ. ಕಲ್ಲು ಸಿಕ್ಕರೆ ಆಸಿಡ್, ತಂತಿ ಬ್ರಷ್ ಮುಟ್ಟಿಸಲೇಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ, ಬೇಕಾದರೆ ಪಕ್ಕದಿಂದ ಕನ್ನಡಿ ಹಿಡಿದು ಬೆಳಕು ಬಿಟ್ಟು ಫೋಟೊ ತೆಗೆಯಿರಿ, ಸವೆದ ಅಕ್ಷರ ನೆರಳಿನಿಂದ ಎದ್ದು ಕಾಣುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಬ್ಬರನ್ನೂ ಹುಡುಕಿ: ಆ ಸಿಪಾಯಿಯ ಹೆಂಡತಿ. ಇಲ್ಲಿನ ಹೆಣ್ಣಾಗಿದ್ದರೆ ರಿಜಿಸ್ಟರಿನಲ್ಲಿ ಬರೀ ‘ಮೇರಿ’ ಎಂದಿರಬಹುದು, ತವರಿನ ಹೆಸರೇ ಇರುವುದಿಲ್ಲ. ಮದುವೆಗೆ ಸಾಕ್ಷಿ ಹಾಕಿದವರು, ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತ ಜ್ಞಾನಮಾತೆಯರು (ಗಾಡ್ ಮದರ್) ಎಷ್ಟೋ ಸಲ ಅವರ ಕಡೆಯವರೇ. ಆ ಹೆಸರುಗಳನ್ನು ಬೇರೆಯಾಗಿ ಬರೆದಿಟ್ಟುಕೊಂಡು ಅದೇ ಚರ್ಚಿನ ಹತ್ತು ವರ್ಷದ ಪುಟಗಳಲ್ಲಿ ನೋಡಿ.