ವಾರಕ್ಕೆ ಒಂದೇ ಕೆಟ್ಟ ಕನಸು, ಅಷ್ಟಕ್ಕೆಲ್ಲ ಡಾಕ್ಟ್ರ ಹತ್ರ ಹೋಗ್ಬೇಕಾ?

ಪ್ರಶ್ನೆ: ನಮ್ಮಣ್ಣಂಗೆ ನರಸಾಪುರದ ಹತ್ರ ಹೈವೇಲಿ ಆಕ್ಸಿಡೆಂಟ್ ಆಗಿ ಆರು ತಿಂಗಳಾಯ್ತು. ಗಾಯ ವಾಸಿಯಾಗಿದೆ, ಆದ್ರೆ ವಾರಕ್ಕೊಂದ್ಸಲ ಅದೇ ಲಾರಿ ಕನಸಲ್ಲಿ ಬರುತ್ತಂತೆ. ವಾರಕ್ಕೆ ಒಂದೇ ತಾನೆ, ತೋರಿಸಬೇಕಾ?

ತೋರಿಸಿ. ಇಷ್ಟೇ ಉತ್ತರ, ಆದ್ರೆ ಇಷ್ಟಕ್ಕೆ ಬಿಟ್ರೆ ಮುಂದಿನ ವಾರ ಇನ್ನೊಬ್ರು "ತಿಂಗಳಿಗೆ ಎರಡೇ ತಾನೆ" ಅಂತ ಕೇಳ್ತಾರೆ, ಕೇಳ್ತಾನೇ ಇದಾರೆ, ಅದಕ್ಕೆ ಈ ಎಣಿಕೆ ಲೆಕ್ಕಾನ ಇವತ್ತು ಪೂರ್ತಿ ಬಿಡಿಸಿ ಹೇಳ್ತೀನಿ.

ಡೈರಿಗೆ ಹಾಲು ಹಾಕೋರಿಗೆ ಬೇಗ ಅರ್ಥ ಆಗುತ್ತೆ: ಲೀಟರ್ ಬೇರೆ, ಫ್ಯಾಟ್ ಬೇರೆ. ಎಷ್ಟು ಸಲ ಕನಸು ಬಿತ್ತು ಅನ್ನೋದು ಒಂದು ಅಳತೆ, ಅದರಿಂದ ಮನುಷ್ಯ ಎಷ್ಟು ಒದ್ದಾಡ್ತಾನೆ ಅನ್ನೋದು ಇನ್ನೊಂದು. 1992ರಲ್ಲೇ ಕ್ಯಾಥರಿನ್ ಬೆಲಿಕಿ ಅನ್ನೋ ಮನಶ್ಶಾಸ್ತ್ರಜ್ಞೆ ಇವೆರಡಕ್ಕೂ ನಂಟು ಅಷ್ಟಕ್ಕಷ್ಟೇ ಅಂತ ತೋರಿಸಿದ್ರು, ಮನಸ್ಸಿನ ತೊಂದರೆಗಳ ಜೊತೆ ಹೆಚ್ಚು ತಳಕು ಹಾಕ್ಕೊಂಡಿರೋದು ಒದ್ದಾಟ, ಎಣಿಕೆ ಅಲ್ಲ. ಅವರು ಮಾಡಿದ 13 ಪ್ರಶ್ನೆಗಳ ಪಟ್ಟಿ ಇವತ್ತಿಗೂ ಬಳಕೇಲಿದೆ. ಅದು ಕೇಳೋದೇ ಬೇರೆ: ಕನಸು ಬೀಳುತ್ತೇನೋ ಅಂತ ಮಲಗೋಕೆ ಭಯ ಆಗುತ್ತಾ, ಎದ್ದಮೇಲೂ ತಲೇಲೇ ಇರುತ್ತಾ, ನಿದ್ದೆ ಕೆಡುತ್ತಾ, ಯಾರದಾದ್ರೂ ಸಹಾಯ ಬೇಕು ಅನ್ಸಿದೆಯಾ.

ಇಬ್ಬರನ್ನ ಪಕ್ಕಪಕ್ಕ ಇಟ್ಟು ನೋಡಿ. ಒಬ್ರು ಕೆಜಿಎಫ್ ಮೈನ್ಸಲ್ಲಿ ದುಡಿದ ತಾತ, ಗಣಿ 2001ರಲ್ಲೇ ಮುಚ್ಚಿದ್ರೂ ರಾಕ್ ಬರ್ಸ್ಟ್ (ಗಣಿಯೊಳಗೆ ಬಂಡೆ ಸಿಡಿಯೋದು) ಸದ್ದು ವಾರಕ್ಕೆ ಮೂರು ಸಲ ಕನಸಲ್ಲಿ ಬರುತ್ತೆ, ಎದ್ದು ನೀರು ಕುಡಿದು ಹತ್ತು ನಿಮಿಷದಲ್ಲಿ ಮತ್ತೆ ಗೊರಕೆ. ಇನ್ನೊಬ್ಬ ಹುಡುಗ, ವಾರಕ್ಕೆ ಒಂದೇ ಸಲ, ಆದ್ರೆ ಆವತ್ತು ಎರಡು ಗಂಟೆಗೆ ಎದ್ದೋನು ಬೆಳಗಾಗೋವರೆಗೂ ಕೂತೇ ಇರ್ತಾನೆ, ಮಿಕ್ಕಿದ ಆರು ರಾತ್ರೀನೂ ಕನಸಿಗೆ ಹೆದರಿ ಒಂದು ಗಂಟೆವರೆಗೂ ಮೊಬೈಲ್ ನೋಡ್ತಾ ನಿದ್ದೆ ಮುಂದೂಡ್ತಾನೆ, ನಿದ್ದೆ ಬರ್ಲಿ ಅಂತ ಕುಡಿಯೋದು ಶುರು ಮಾಡಿದಾನೆ, ಬೈಕ್ ಮುಟ್ಟಲ್ಲ. ಬರೀ ಎಣಿಸೋರಿಗೆ ತಾತನೇ ಹೆಚ್ಚು ಕಷ್ಟದಲ್ಲಿರೋ ಹಂಗೆ ಕಾಣುತ್ತೆ. ನನಗೆ ಸಿಟ್ಟು ಬರೋದು ಇಲ್ಲೇ, ಈ ಹುಡುಗನ್ನೇ ಮನೆಯವ್ರು "ಒಂದೇ ತಾನೆ" ಅಂತ ಸುಮ್ನಾಗಿಸೋದು.

ಹಂಗಂತ ಎಣಿಕೆ ದಂಡ ಅಲ್ಲ. ಪಿಟಿಎಸ್‌ಡಿ, ಅಂದ್ರೆ ಆಕ್ಸಿಡೆಂಟ್ ಥರದ ಆಘಾತ ಆದ್ಮೇಲೆ ಮನಸ್ಸಲ್ಲಿ ಉಳ್ಕೊಳ್ಳೋ ಕಾಯಿಲೆ, ಅದರ ಪರೀಕ್ಷೆ ಮಾಡೋ ಕ್ಯಾಪ್ಸ್-5 ಸಂದರ್ಶನದಲ್ಲಿ ಎಷ್ಟು ಸಲ ಅಂತಾನೂ ಕೇಳ್ತಾರೆ, ಎದ್ದಾಗ ಹೆಂಗನ್ಸುತ್ತೆ, ಮತ್ತೆ ನಿದ್ದೆ ಹತ್ತೋಕೆ ಎಷ್ಟೊತ್ತು, ಎಷ್ಟು ನಿದ್ದೆ ಹಾಳಾಯ್ತು ಅಂತಾನೂ ಕೇಳ್ತಾರೆ, ಎರಡೂ ಸೇರಿಸಿ 0 ಇಂದ 4ರವರೆಗೆ ಅಂಕ. ಅದೇ ಕಾಯಿಲೆಗೆ ತಾವೇ ತುಂಬೋ ಪಿಸಿಎಲ್-5 ಅನ್ನೋ 20 ಪ್ರಶ್ನೆಗಳ ಫಾರ್ಮಲ್ಲಂತೂ ಎರಡನೇ ಪ್ರಶ್ನೇನೇ ಕನಸಿಂದು, ಕೇಳೋದು ಕಳೆದ ಒಂದು ತಿಂಗಳಲ್ಲಿ ಎಷ್ಟು ಕಾಡ್ತು ಅಂತ.

ಅಣ್ಣಂಗೆ ದಿಂಬಿನ ಪಕ್ಕ ಒಂದು ನೋಟ್‌ಬುಕ್ ಕೊಡಿ. ಕನಸಿನ ಕಥೆ ಬರೆಯೋದು ಬೇಡ, ಎಷ್ಟು ಗಂಟೆಗೆ ಎಚ್ಚರ ಆಯ್ತು, ಮತ್ತೆ ಯಾವಾಗ ಮಲಗಿದ್ರು, ಹಗಲು ಹೆಂಗಿತ್ತು, ಇಷ್ಟು ಸಾಕು. ತಿಂಗಳ ಕೊನೇಲಿ ನೆನಪಿಂದ ಹೇಳಿದ್ರೆ ಸಾಮಾನ್ಯವಾಗಿ ಕಮ್ಮೀನೇ ಹೇಳ್ತಾರೆ. ಆ ಪುಸ್ತಕ ತಗೊಂಡು ಜಿಲ್ಲಾಸ್ಪತ್ರೆ ಮನೋವೈದ್ಯರನ್ನ ನೋಡಿ. ಅಲ್ಲೀವರೆಗೆ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಫ್ರೀ, ರಾತ್ರಿ ಹೊತ್ತೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು, ಯಾರೂ ಕೇಳದೇ ಇದ್ರೂ ಹೇಳ್ತೀನಿ. ಮಲಗಿದ ಒಂದೆರಡು ಗಂಟೇಲೇ ಮಗು ಕಿಟಾರನೆ ಕಿರುಚಿ ಎದ್ದು ಕೂತು, ಬೆಳಿಗ್ಗೆ ಏನೂ ನೆನಪಿಲ್ಲ ಅಂದ್ರೆ ಅದು ಬಹುಪಾಲು ಈ ಥರದ ಕನಸಲ್ಲ, ಗಾಢ ನಿದ್ದೇಲಿ ಆಗೋ ನೈಟ್ ಟೆರರ್. ಕೆಟ್ಟ ಕನಸು ಹೆಚ್ಚಾಗಿ ಬೆಳಗಿನ ಜಾವದ ಕಡೆ ಬೀಳುತ್ತೆ, ಎದ್ದೋರಿಗೆ ನೆನಪಿರುತ್ತೆ. ಮಗೂನ ಅಲುಗಾಡಿಸಿ ಎಬ್ಬಿಸೋಕೆ ಹೋಗ್ಬೇಡಿ, ಬೀಳದ ಹಾಗೆ ನೋಡ್ಕೊಳ್ಳಿ, ತಾನಾಗೇ ಮಲಗುತ್ತೆ.