ಹೇಳದೆಯೇ ಅರ್ಥವಾಗಬಾರದೆ?

ಪ್ರಶ್ನೆ: ಮದುವೆಯಾಗಿ ಏಳು ತಿಂಗಳಾಯಿತು. ಹಿರಿಯರು ನೋಡಿ ಮಾಡಿದ ಸಂಬಂಧ. ಪತಿ ಕೆಟ್ಟವರಲ್ಲ, ಆದರೂ ಸಣ್ಣಪುಟ್ಟ ವಿಷಯಕ್ಕೆ ಮಾತು ನಿಂತುಹೋಗುತ್ತದೆ. ಎಲ್ಲವನ್ನೂ ಬಾಯಿಬಿಟ್ಟು ಕೇಳಿ ಪಡೆಯುವುದಾದರೆ ಆ ಪ್ರೀತಿಗೆ ಏನು ಬೆಲೆ? ಪ್ರೀತಿ ಇದ್ದವರಿಗೆ ಹೇಳದೆಯೇ ಅರ್ಥವಾಗಬೇಕಲ್ಲವೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಬರೆಯುವವರ ಊರು ಬದಲಾಗುತ್ತದೆ, ಒಮ್ಮೊಮ್ಮೆ ಪತ್ನಿಯ ಬದಲು ಪತಿ ಬರೆಯುತ್ತಾರೆ, ಆದರೆ ಕೊನೆಯ ಸಾಲು ಮಾತ್ರ ಹಾಗೆಯೇ ಇರುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅರ್ಥವಾಗಬೇಕಿಲ್ಲ, ಆಗುವುದೂ ಇಲ್ಲ.

ಇಬ್ಬರೂ ಇಪ್ಪತ್ತೈದು ಮೂವತ್ತು ವರ್ಷ ಬೇರೆ ಬೇರೆ ಮನೆಗಳಲ್ಲಿ ಬೆಳೆದು ಬಂದವರು. ಒಂದು ಮನೆಯಲ್ಲಿ ಮೌನವೆಂದರೆ ಕೋಪ, ಇನ್ನೊಂದರಲ್ಲಿ ಅದು ಬರಿಯ ದಣಿವು. ಒಂದು ಮನೆಯಲ್ಲಿ 'ಸಾಕು' ಎಂದರೆ ಸಾಕು. ಇನ್ನೊಂದರಲ್ಲಿ 'ಸಾಕು' ಎಂದ ಮೇಲೂ ಎರಡು ಸಲ ಬಡಿಸುವುದೇ ಮರ್ಯಾದೆ. "ಏನಾಯಿತು?" ಎಂದು ಕೇಳಿದಾಗ ನೀವು "ಏನೂ ಇಲ್ಲ" ಎನ್ನುತ್ತೀರಿ, ಅವರು ಅದನ್ನು ನಂಬಿ ಟಿವಿ ಹಾಕುತ್ತಾರೆ. ಇದರಲ್ಲಿ ಪ್ರೀತಿಯ ಕೊರತೆ ಎಲ್ಲಿದೆ?

2011ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ, ಬೋವಾಜ್ ಕೀಸರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ 24 ದಂಪತಿಗಳನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಎರಡರ್ಥ ಬರುವ ದಿನಬಳಕೆಯ ಮಾತುಗಳನ್ನು ಆಡಿಸಿ, ಕೇಳಿದವರಿಗೆ ಏನು ಅರ್ಥವಾಯಿತೆಂದು ಪರೀಕ್ಷಿಸಲಾಯಿತು. ಅಪರಿಚಿತರಿಗಿಂತ ಜೀವನಸಂಗಾತಿ ಹೆಚ್ಚೇನೂ ಅರ್ಥಮಾಡಿಕೊಳ್ಳಲಿಲ್ಲ. ಆದರೆ ಮಾತಾಡಿದವರಿಗೆ ಮಾತ್ರ, ತಮ್ಮವರಿಗೆ ಖಂಡಿತ ತಿಳಿದಿರುತ್ತದೆಂಬ ಭರವಸೆ ಇತ್ತು. ಹೊಸಬರಿಗಾದರೆ ನಾವು ಬಿಡಿಸಿ ಹೇಳುತ್ತೇವೆ, ತಮ್ಮವರ ಮುಂದೆ ಅರ್ಧ ನುಂಗುತ್ತೇವೆ.

"ನಮ್ಮ ಅಜ್ಜ-ಅಜ್ಜಿ ಕಣ್ಸನ್ನೆಯಲ್ಲೇ ಸಂಸಾರ ಮಾಡಲಿಲ್ಲವೆ?" ಎಂಬ ಮರುಪತ್ರ ಬರುವುದು ಗೊತ್ತಿದೆ. ಆ ಕಣ್ಸನ್ನೆಯ ಹಿಂದೆ ಐವತ್ತು ವರ್ಷದ ಒಡನಾಟವಿತ್ತು, ನಿಮ್ಮದು ಏಳು ತಿಂಗಳು. ಅಲ್ಲದೆ ಅಜ್ಜನಿಗೆ ಕಾಫಿ ಯಾವಾಗ ಬೇಕೆಂಬುದು ಅಜ್ಜಿಗೆ ತಿಳಿದಿತ್ತು ನಿಜ; ಅಜ್ಜಿಗೆ ಏನು ಬೇಕಿತ್ತೆಂಬುದು ಅಜ್ಜನಿಗೆ ತಿಳಿದಿತ್ತೇ ಎಂದು ಅವರನ್ನು ಯಾರಾದರೂ ಕೇಳಿದ್ದುಂಟೆ?

ಹಾಗೆಂದು ಬಾಯಿಗೆ ಬಂದದ್ದನ್ನೆಲ್ಲ ಆಡುವುದೂ ಹೇಳುವ ರೀತಿಯಲ್ಲ. ದಾಂಪತ್ಯದ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಗಾಟ್‌ಮನ್ ಮತ್ತು ಸಿಬಿಲ್ ಕರೇರ್ 1999ರಲ್ಲಿ ಪ್ರಕಟಿಸಿದ, 124 ನವದಂಪತಿಗಳ ಅಧ್ಯಯನದಲ್ಲಿ, ಭಿನ್ನಾಭಿಪ್ರಾಯದ ಬಗ್ಗೆ ನಡೆದ ಮಾತುಕತೆಯ ಮೊದಲ 3 ನಿಮಿಷ ನೋಡಿಯೇ ಮುಂದೆ ದೂರವಾಗುವವರ ಸುಳಿವು ಸಿಗುತ್ತಿತ್ತು. "ನೀವು ಯಾವಾಗಲೂ ಹೀಗೇ" ಎಂದರೆ ಎದುರಿನವರು ತಮ್ಮ ಸ್ವಭಾವವನ್ನೇ ಸಮರ್ಥಿಸಿಕೊಳ್ಳಬೇಕಾಗುತ್ತದೆ. "ನಿನ್ನೆ ತಡವಾಗುತ್ತದೆಂದು ಫೋನ್ ಮಾಡಿದ್ದರೆ ನಾನು ಊಟ ಮಾಡಿರುತ್ತಿದ್ದೆ" ಎಂದರೆ ಉತ್ತರಿಸಲು ಸಾಧ್ಯವಾಗುವ ಒಂದು ವಿಷಯ ಸಿಗುತ್ತದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕೋಪಕ್ಕಷ್ಟೇ ಗಡುವು ಹಾಕುತ್ತದೆ. ಅತ್ತೆಮನೆಗೆ ತಿಂಗಳಿಗೆ ಎಷ್ಟು ಹಣ ಕಳುಹಿಸಬೇಕೆಂಬುದು ಬೆಳಿಗ್ಗೆ ಎದ್ದಾಗ ಅಲ್ಲಿಯೇ ಇರುತ್ತದೆ. ಅದಕ್ಕೆ ಸಂಬಳ ಬಂದ ವಾರದ ಭಾನುವಾರ ಇಬ್ಬರೂ ಕಾಗದ ಪೆನ್ನು ಹಿಡಿದು ಕೂರಬೇಕು, ಆ ಹೊತ್ತಿನಲ್ಲಿ ಬೇರೆ ವಿಷಯ ಎತ್ತಬಾರದು. ಇನ್ನು ಕೈ ಎತ್ತುವವರ ವಿಷಯ ಬೇರೆ. ಅದು ಮಾತಿನ ಕೌಶಲದ ಕೊರತೆಯಲ್ಲ, ಅಪರಾಧ; ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಿದೆ, 181 ಸಹಾಯವಾಣಿಯಿದೆ.

ನೀವು ಕೇಳದ ಒಂದು ಮಾತು. ಆಷಾಢಕ್ಕೆ ತವರಿಗೆ ಹೋದಾಗ ಅಮ್ಮನ ಮುಂದೆ ಎಷ್ಟು ಹೇಳಬೇಕು? ಶ್ರಾವಣ ಹುಟ್ಟಿದೊಡನೆ ನನಗೆ ಬರುವ ಪತ್ರಗಳನ್ನು ನೋಡಿದರೆ, ಹೇಳಿದ್ದಕ್ಕಿಂತ ಅರ್ಧಕ್ಕೆ ನಿಲ್ಲಿಸಿದ್ದೇ ಹೆಚ್ಚು ತೊಂದರೆ ಕೊಟ್ಟಂತಿದೆ. ಜಗಳವಾದ ರಾತ್ರಿ ಅಮ್ಮನಿಗೆ ಫೋನ್ ಹೋಗುತ್ತದೆ, ರಾಜಿಯಾದ ಬೆಳಿಗ್ಗೆ ಹೋಗುವುದಿಲ್ಲ. ನೀವು ಮರೆತು ನಗುತ್ತಿರುವಾಗಲೂ ಅಮ್ಮ ಅಳಿಯನ ಮೇಲೆ ಆ ರಾತ್ರಿಯ ಕೋಪವನ್ನೇ ಇಟ್ಟುಕೊಂಡಿರುತ್ತಾರೆ.